ಅತ್ತರೆ ಕೆಂಪು, ಸುಮ್ಮನಾದರೆ ನೀಲಿ: ಹಸುಗೂಸಿನ ಉಸಿರಿನ ದಾರಿ ಕಟ್ಟಿಕೊಂಡಾಗ

ಹೆರಿಗೆಯಾಗಿ ಕೆಲವೇ ನಿಮಿಷ ಆಗಿದೆ. ಮಗು ಜೋರಾಗಿ ಅಳುತ್ತಿದೆ, ಮೈ ಕೆಂಪಗಿದೆ. ಎಲ್ಲರಿಗೂ ಸಮಾಧಾನ. ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕ ಮಲಗಿಸುತ್ತಾರೆ. ಅಳು ನಿಲ್ಲುತ್ತದೆ, ಬಾಯಿ ಮುಚ್ಚುತ್ತದೆ. ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ ನೀಲಿಯಾಗುತ್ತವೆ. ಪಕ್ಕೆ ಒಳಕ್ಕೆ ಸೆಳೆಯುತ್ತದೆ. ಗಾಬರಿಯಾಗಿ ಎತ್ತಿಕೊಂಡರೆ ಮಗು ಮತ್ತೆ ಅಳುತ್ತದೆ, ಮತ್ತೆ ಕೆಂಪಾಗುತ್ತದೆ.

ಅಳುವ ಮಗುವನ್ನು ಸುಮ್ಮನಾಗಿಸಬೇಕು ಅಂತಲೇ ನಾವೆಲ್ಲ ಕಲಿತಿರುವುದು. ಇಲ್ಲಿ ಅಳುವೇ ಮಗುವಿನ ಜೀವ ಉಳಿಸುತ್ತಿದೆ. ಯಾಕೆಂದರೆ ಹುಟ್ಟಿದ ಮಗು ಉಸಿರಾಡುವುದು ಮುಖ್ಯವಾಗಿ ಮೂಗಿನಿಂದ. ಬಾಯಲ್ಲಿ ಉಸಿರಾಡುವ ರೂಢಿ ಬರಲು ಕೆಲವು ವಾರ, ಕೆಲವು ತಿಂಗಳು ಬೇಕು. ಈ ಮಗುವಿನ ಮೂಗಿನ ಎರಡೂ ಹೊಳ್ಳೆಗಳು ಹಿಂಭಾಗದಲ್ಲಿ, ಗಂಟಲಿಗೆ ಸೇರುವ ಜಾಗದಲ್ಲಿ, ಮೂಳೆಯಿಂದಲೋ ಪೊರೆಯಿಂದಲೋ ಮುಚ್ಚಿಹೋಗಿವೆ. ಅತ್ತಾಗ ಬಾಯಿ ತೆರೆಯುತ್ತದೆ, ಗಾಳಿ ಹೋಗುತ್ತದೆ. ಸುಮ್ಮನಾದರೆ ದಾರಿಯೇ ಇಲ್ಲ.

ಇದಕ್ಕೆ ಕೊಯೇನಲ್ ಅಟ್ರೀಸಿಯಾ ಎನ್ನುತ್ತಾರೆ. ಒಂದು ಕಡೆಯದೋ ಎರಡೂ ಕಡೆಯದೋ ಸೇರಿಸಿ ಸುಮಾರು 5,000ದಿಂದ 8,000 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಹೆಣ್ಣುಮಕ್ಕಳಲ್ಲಿ ಜಾಸ್ತಿ. ಪತ್ತೆ ಮಾಡಲು ದೊಡ್ಡ ಯಂತ್ರವೇನೂ ಬೇಡ. 6 ಫ್ರೆಂಚ್ ಅಳತೆಯ, ಅಂದರೆ 2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ನಳಿಕೆಯನ್ನು ಮೂಗಿನಲ್ಲಿ ಮೆಲ್ಲಗೆ ಬಿಟ್ಟು ನೋಡಿದರೆ ಸಾಕು. ಗಂಟಲಿಗೆ ಇಳಿಯದೆ ಮೂರ್ನಾಲ್ಕು ಸೆಂ.ಮೀ.ಗೇ ನಿಂತುಬಿಟ್ಟರೆ ಅನುಮಾನ ಬಲವಾಗುತ್ತದೆ. ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ.

ತಕ್ಷಣಕ್ಕೆ ಮಾಡುವ ಉಪಾಯವೂ ಅಷ್ಟೇ ಸರಳ. ಹಾಲಿನ ಬಾಟಲಿಯ ನಿಪ್ಪಲ್‌ನ ತುದಿ ಕತ್ತರಿಸಿ ದೊಡ್ಡ ತೂತು ಮಾಡಿ, ಅದನ್ನು ಬಾಯಲ್ಲಿಟ್ಟು ದಾರದಿಂದ ಕಟ್ಟುತ್ತಾರೆ. ಮೆಕ್‌ಗವರ್ನ್ ನಿಪ್ಪಲ್ ಎಂದು ಅದರ ಹೆಸರು. ಬಾಯಿ ತೆರೆದೇ ಇರುತ್ತದೆ, ಮಗು ಉಸಿರಾಡುತ್ತದೆ. ಶಸ್ತ್ರಚಿಕಿತ್ಸೆಗೆ ತಯಾರಾಗಲು ಡಾಕ್ಟರಿಗೆ ಒಂದೆರಡು ದಿನ ಸಿಗುತ್ತದೆ. ಮೂಗಿನ ಮೂಲಕವೇ ದುರ್ಬೀನು (ಎಂಡೋಸ್ಕೋಪ್) ಹಾಕಿ ಆ ಗೋಡೆ ತೆರೆಯುತ್ತಾರೆ.

ಈ ನಿಪ್ಪಲ್ಲಿನ ಉದಾಹರಣೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಹಸುಗೂಸಿನ ಉಸಿರಿನ ದಾರಿಯ ತೊಂದರೆಗಳು ಹತ್ತಾರು ಬಗೆ, ಹೆಸರುಗಳು ನೆನಪಿಡಲು ಕಷ್ಟ. ಆದರೆ ಬಹುಪಾಲು ಚಿಕಿತ್ಸೆಯ ಒಳಗುಟ್ಟು ಒಂದೇ: ಮಗು ಬೆಳೆಯುವವರೆಗೆ ಅದಕ್ಕೆ ಸಮಯ ದೊರಕಿಸಿಕೊಡುವುದು. ಕೆಲವರಿಗೆ ಎರಡು ದಿನ ಬೇಕು, ಕೆಲವರಿಗೆ ಎರಡು ವರ್ಷ. ಆ ಸಮಯವನ್ನು ಅಪಾಯವಿಲ್ಲದೆ ಕಳೆಯಲು ಒಬ್ಬ ಡಾಕ್ಟರು ಸಾಕಾಗುವುದಿಲ್ಲ, ಇಡೀ ತಂಡ ಬೇಕು.

ನಾಲ್ಕು ಮಿಲಿಮೀಟರ್ ಲೆಕ್ಕ

ದೊಡ್ಡವರಿಗೆ ಗಂಟಲು ಊದಿಕೊಂಡರೆ ದನಿ ಕಟ್ಟುತ್ತದೆ, ಬಿಸಿನೀರು ಕುಡಿದು ಮಲಗುತ್ತೇವೆ. ಅಷ್ಟೇ ಊತ ಹಸುಗೂಸಿಗೆ ಬಂದರೆ ಜೀವಕ್ಕೇ ಕುತ್ತು. ಯಾಕೆ?

ತಿಂಗಳು ತುಂಬಿ ಹುಟ್ಟಿದ ಮಗುವಿನ ಉಸಿರಿನ ದಾರಿಯ ಅತಿ ಕಿರಿದಾದ ಜಾಗ ಧ್ವನಿಪೆಟ್ಟಿಗೆಯ ಕೆಳಗಿದೆ. ಅಲ್ಲಿ ದಾರಿಯ ಅಗಲ 4ರಿಂದ 5 ಮಿ.ಮೀ. ಮಾತ್ರ. ಎಳನೀರು ಕುಡಿಯುವ ಸ್ಟ್ರಾ ಅಗಲ ಎಂದುಕೊಳ್ಳಿ. 4 ಮಿ.ಮೀ. ದಾರಿಯಲ್ಲಿ ಸುತ್ತಲೂ 1 ಮಿ.ಮೀ. ಊತ ಬಂದರೆ ಉಳಿಯುವುದು 2 ಮಿ.ಮೀ. ಗಾಳಿ ಹೋಗುವ ಜಾಗದಲ್ಲಿ ಮುಕ್ಕಾಲು ಪಾಲು ಹೋಯಿತು. ಇನ್ನು ಗಾಳಿ ಎಳೆಯುವ ಕಷ್ಟ? ಎರಡು ಪಟ್ಟು, ನಾಲ್ಕು ಪಟ್ಟು ಅಲ್ಲ, 16 ಪಟ್ಟು. ಗಾಳಿ ಸುಗಮವಾಗಿ ಹರಿಯುವಾಗಿನ ಲೆಕ್ಕ ಇದು. ಮಗು ಅತ್ತು ಗಾಳಿ ಸುಳಿಸುಳಿಯಾದರೆ ಇನ್ನೂ ಜಾಸ್ತಿ. ಅದೇ 1 ಮಿ.ಮೀ. ಊತ 8 ಮಿ.ಮೀ. ಕೊಳವೆಯಲ್ಲಿ ಬಂದರೆ ಕಷ್ಟ ಹೆಚ್ಚುವುದು ಸುಮಾರು 3 ಪಟ್ಟು ಅಷ್ಟೇ.

ಇದರ ಜೊತೆಗೆ ಇನ್ನೊಂದು ವಿಷಯ ಸೇರುತ್ತದೆ. ಒಂದು ಕಿಲೋ ತೂಕಕ್ಕೆ ಎಂದು ಲೆಕ್ಕ ಹಾಕಿದರೆ ಹಸುಗೂಸು ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಮ್ಲಜನಕ ಬಳಸುತ್ತದೆ. ಆದರೆ ಅದರ ಎದೆಗೂಡಿನಲ್ಲಿ ಉಳಿತಾಯವಾಗಿರುವ ಗಾಳಿ ಬಹಳ ಕಡಿಮೆ. ಖರ್ಚು ಜಾಸ್ತಿ, ಕೈಯಲ್ಲಿ ಕಾಸಿಲ್ಲ. ಹಾಗಾಗಿ ದಾರಿ ಕಟ್ಟಿದರೆ ಕೆಲವೇ ಸೆಕೆಂಡುಗಳಲ್ಲಿ ಆಮ್ಲಜನಕದ ಮಟ್ಟ ಕುಸಿಯುತ್ತದೆ. ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದ ನರ್ಸುಗಳು ಮಾನಿಟರಿನಿಂದ ಕಣ್ಣು ತೆಗೆಯದಿರುವುದು ಇದಕ್ಕೇ.

ಸದ್ದು ಹೇಳುವ ಗುರುತು

'ಮಗುವಿಗೆ ಕಫ ಕಟ್ಟಿದೆ, ಗೊರಗೊರ ಅನ್ನುತ್ತೆ' ಎಂದು ಮನೆಯಲ್ಲಿ ಹೇಳುವುದುಂಟು. ಎಷ್ಟೋ ಸಲ ಅದು ನಿಜಕ್ಕೂ ಮೂಗಿನ ಸಿಂಬಳವೇ. ಆದರೆ ಎಲ್ಲ ಸದ್ದೂ ಕಫ ಅಲ್ಲ. ಅನುಭವವಿರುವ ಡಾಕ್ಟರು ಮಗುವನ್ನು ಮುಟ್ಟುವ ಮೊದಲು ಒಂದು ನಿಮಿಷ ಸುಮ್ನೆ ನಿಂತು ಕೇಳುತ್ತಾರೆ. ದಾರಿ ಎಲ್ಲಿ ಕಿರಿದಾಗಿದೆ ಎಂಬುದನ್ನು ಸದ್ದೇ ಅರ್ಧ ಹೇಳುತ್ತದೆ.

ಗೊರಕೆಯಂಥ ದಪ್ಪ ಸದ್ದಾದರೆ ತೊಂದರೆ ಮೂಗಿನಲ್ಲಿ ಅಥವಾ ನಾಲಿಗೆಯ ಹಿಂದೆ. ಉಸಿರು ಒಳಗೆ ಎಳೆದುಕೊಳ್ಳುವಾಗ ಕೀಚಲು ಸದ್ದು ಬಂದರೆ ಧ್ವನಿಪೆಟ್ಟಿಗೆ ಅಥವಾ ಅದರ ಮೇಲ್ಭಾಗ. ಇದನ್ನು ಸ್ಟ್ರೈಡರ್ ಎನ್ನುತ್ತಾರೆ. ಎಳೆಯುವಾಗಲೂ ಬಿಡುವಾಗಲೂ ಸದ್ದಿದ್ದರೆ ಧ್ವನಿಪೆಟ್ಟಿಗೆಯ ಕೆಳಗಿನ ಬಿಗಿ ಜಾಗ. ಬಿಡುವಾಗ ಮಾತ್ರ ಬಂದರೆ ಎದೆಯೊಳಗಿನ ಶ್ವಾಸನಾಳ. ಇದಕ್ಕೆ ಕಾರಣ ತಿಳಿದರೆ ಮರೆಯುವುದಿಲ್ಲ. ಉಸಿರು ಎಳೆದಾಗ ಕುತ್ತಿಗೆಯ ಭಾಗದ ಮೆತ್ತನೆಯ ಗೋಡೆಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ಮೆದುವಾದ ಸ್ಟ್ರಾವನ್ನು ಜೋರಾಗಿ ಹೀರಿದರೆ ಅದು ಚಪ್ಪಟೆಯಾಗುತ್ತದಲ್ವಾ, ಹಾಗೆ. ಉಸಿರು ಬಿಟ್ಟಾಗ ಎದೆಗೂಡು ಒತ್ತುತ್ತದೆ, ಆಗ ಒಳಗಿನ ನಾಳ ಕಿರಿದಾಗುತ್ತದೆ.

ಅಳುವಿನ ದನಿಯನ್ನೂ ಗಮನಿಸಬೇಕು. ಬಾಯಿ ಅಗಲಿಸಿ ಅಳುತ್ತಿದೆ, ದನಿ ಮಾತ್ರ ಕ್ಷೀಣ ಅಥವಾ ಇಲ್ಲವೇ ಇಲ್ಲ ಎಂದಾದರೆ ಧ್ವನಿತಂತುಗಳಲ್ಲಿ ಸಮಸ್ಯೆ ಇರಬಹುದು. ಹೃದಯದ ಪಕ್ಕದ ಒಂದು ರಕ್ತನಾಳವನ್ನು ಮುಚ್ಚುವ ಆಪರೇಷನ್ ಆದ ಮಕ್ಕಳಲ್ಲಿ ಕೆಲವೊಮ್ಮೆ ಎಡಗಡೆಯ ಧ್ವನಿತಂತು ಅಲುಗಾಡುವುದಿಲ್ಲ. ಆ ತಂತುವಿನ ನರ ಎದೆಯೊಳಗೆ ಇಳಿದು, ಅದೇ ರಕ್ತನಾಳದ ಬುಡದಲ್ಲಿ ಸುತ್ತಿ ಮೇಲೆ ಬರುವುದೇ ಇದಕ್ಕೆ ಕಾರಣ.

ಇಲ್ಲಿ ಎಲ್ಲ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಸದ್ದು ಬಂದಾಗ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಎದೆ ಹೊಟ್ಟೆ ಕಾಣುವ ಹಾಗೆ. ಡಾಕ್ಟರ ಹತ್ತಿರ ಹೋದಾಗ ಮಗು ಹಾಯಾಗಿ ಮಲಗಿರುತ್ತದೆ, ಸದ್ದೇ ಇರುವುದಿಲ್ಲ. ಅರ್ಧ ನಿಮಿಷದ ವಿಡಿಯೋ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದರೆ ತುಟಿ ಅಥವಾ ನಾಲಿಗೆ ನೀಲಿಯಾದರೆ ವಿಡಿಯೋ ಮಾಡುತ್ತ ನಿಲ್ಲಬೇಡಿ, ಹೊರಡಿ. ನಮ್ಮ ಮೈಬಣ್ಣದಲ್ಲಿ ಕೈಕಾಲು ನೋಡಿ ಹೇಳುವುದು ಕಷ್ಟ. ನಾಲಿಗೆ ನೋಡಿ. ಉಸಿರು ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಇದ್ದರೆ, ಪಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯುವಾಗ ಪದೇ ಪದೇ ಬಿಟ್ಟು ಏದುಸಿರು ಬಿಡುತ್ತಿದ್ದರೆ, ಆಗಲೂ ಕಾಯಬಾರದು.

ಎಲ್ಲ ಸದ್ದಿಗೂ ಹೆದರಬೇಕಿಲ್ಲ

ಎಳೆ ಮಕ್ಕಳಲ್ಲಿ ಸ್ಟ್ರೈಡರ್‌ಗೆ ಅತಿ ಸಾಮಾನ್ಯ ಕಾರಣ ಲ್ಯಾರಿಂಗೋಮಲೇಸಿಯಾ. ಧ್ವನಿಪೆಟ್ಟಿಗೆಯ ಮೇಲಿನ ಮೆದುಮೂಳೆ ಬೇಕಾದಷ್ಟು ಗಟ್ಟಿಯಾಗಿರುವುದಿಲ್ಲ. ಉಸಿರು ಎಳೆದಾಗ ಅದು ಒಳಕ್ಕೆ ಮಡಚಿಕೊಂಡು ಕೀಚಲು ಸದ್ದು ಮಾಡುತ್ತದೆ. ಸಾಮಾನ್ಯವಾಗಿ ಹುಟ್ಟಿದ ಮೊದಲ ಎರಡು ವಾರದಲ್ಲಿ ಶುರುವಾಗುತ್ತದೆ, ಕೆಲವು ತಿಂಗಳು ಹೆಚ್ಚುತ್ತದೆ, ಒಂದೂವರೆ ಎರಡು ವರ್ಷದೊಳಗೆ ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಮಗು ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ಬರೀ ನೋಡಿಕೊಂಡಿದ್ದರೆ ಸಾಕು.

ಇಲ್ಲಿ ದೊಡ್ಡ ಪರೀಕ್ಷೆ ಎಂದರೆ ತಕ್ಕಡಿ. ಹಸುಗೂಸು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಉಸಿರಾಡುವುದಕ್ಕೇ ಶಕ್ತಿಯೆಲ್ಲ ಖರ್ಚಾದರೆ ತೂಕ ಏರುವುದಿಲ್ಲ. ತೂಕ ನಿಂತರೆ, ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ ಆಗ ದುರ್ಬೀನಿನ ಮೂಲಕ ಆ ಸಡಿಲ ಭಾಗವನ್ನು ಸ್ವಲ್ಪ ಕತ್ತರಿಸಿ ಸರಿಪಡಿಸುತ್ತಾರೆ. ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ಇದು ಬೇಕಾಗಬಹುದು.

ಚಿಕ್ಕ ದವಡೆ ತಂದಿಡುವ ಸರಣಿ

ಈಗ ಕಷ್ಟದ ಒಂದು ಉದಾಹರಣೆ. ಪ್ಯಾರಿಸ್ಸಿನ ದಂತ ಮತ್ತು ಬಾಯಿಯ ವೈದ್ಯ ಪಿಯರ್ ರಾಬಿನ್ 1923ರಲ್ಲಿ ಇದರ ಬಗ್ಗೆ ಬರೆದರು. ಅವರ ಹೆಸರಿನಿಂದಲೇ ಇದನ್ನು ರಾಬಿನ್ ಸೀಕ್ವೆನ್ಸ್ ಎನ್ನುತ್ತಾರೆ. ಸೀಕ್ವೆನ್ಸ್ ಎಂದರೆ ಸರಣಿ, ಒಂದರಿಂದ ಇನ್ನೊಂದು ಹುಟ್ಟುವುದು. ಹೊಟ್ಟೆಯೊಳಗೇ ಮಗುವಿನ ಕೆಳದವಡೆ ಚಿಕ್ಕದಾಗಿ ಉಳಿಯುತ್ತದೆ. ನಾಲಿಗೆಗೆ ಮುಂದೆ ಜಾಗವಿಲ್ಲ, ಹಿಂದಕ್ಕೆ ಮೇಲಕ್ಕೆ ಸರಿಯುತ್ತದೆ. ಮೂರನೇ ತಿಂಗಳ ಹೊತ್ತಿಗೆ ಎರಡೂ ಕಡೆಯಿಂದ ಬಂದು ಕೂಡಿಕೊಳ್ಳಬೇಕಾದ ಅಂಗುಳಕ್ಕೆ ನಾಲಿಗೆ ಅಡ್ಡ ಬರುತ್ತದೆ. ಹಾಗಾಗಿ ಹಲವು ಮಕ್ಕಳಲ್ಲಿ ಅಂಗುಳ ಸೀಳಾಗಿಯೇ ಉಳಿಯುತ್ತದೆ. ಹುಟ್ಟಿದ ಮೇಲೆ, ಬೆನ್ನ ಮೇಲೆ ಮಲಗಿಸಿದಾಗ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ.

ಮೊದಲ ಚಿಕಿತ್ಸೆ ಮಗುವನ್ನು ಬೋರಲು ಮಲಗಿಸುವುದು. ನಾಲಿಗೆ ತನ್ನ ಭಾರಕ್ಕೆ ಮುಂದೆ ಬೀಳುತ್ತದೆ, ದಾರಿ ತೆರೆಯುತ್ತದೆ. ಒಂದು ಎಚ್ಚರಿಕೆ: ಇದು ಆಸ್ಪತ್ರೆಯಲ್ಲಿ, ಮಾನಿಟರ್ ಹಾಕಿ ಮಾಡುವ ಚಿಕಿತ್ಸೆ. ಆರೋಗ್ಯವಾಗಿರುವ ಮಗುವನ್ನು ಮನೆಯಲ್ಲಿ ಬೆನ್ನ ಮೇಲೆಯೇ ಮಲಗಿಸಬೇಕು.

ಅದು ಸಾಲದಿದ್ದರೆ ಮೂಗಿನಿಂದ ಒಂದು ಮೆದು ನಳಿಕೆ ಇಳಿಸಿ, ಅದರ ತುದಿ ನಾಲಿಗೆಯ ಬುಡ ದಾಟಿ ನಿಲ್ಲುವ ಹಾಗೆ ಮಾಡುತ್ತಾರೆ. ನೋಡಲು ಸಣ್ಣ ಕೆಲಸ. ಆದರೆ ಅರ್ಧ ಸೆಂ.ಮೀ. ಹೆಚ್ಚು ಇಳಿದರೆ ಮಗುವಿಗೆ ಕೆಮ್ಮು, ವಾಂತಿ. ಕಡಿಮೆಯಾದರೆ ಉಪಯೋಗವಿಲ್ಲ. ಈ ನಳಿಕೆ ಹಾಕಿಕೊಂಡೇ ಮನೆಗೆ ಹೋಗಿ, ಕೆಲವು ತಿಂಗಳು ಅದರಲ್ಲೇ ಬೆಳೆದ ಮಕ್ಕಳಿದ್ದಾರೆ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಬೇರೆ ದಾರಿ ಹುಡುಕಿದರು. ಮಗುವಿನ ಅಂಗುಳದ ಅಚ್ಚು ತೆಗೆದು ಒಂದು ತಟ್ಟೆ ಮಾಡುತ್ತಾರೆ. ಅದರ ಹಿಂಬದಿಯ ಬಾಲದಂಥ ಭಾಗ ನಾಲಿಗೆಯ ಬುಡವನ್ನು ಮುಂದಕ್ಕೆ ಒತ್ತುತ್ತದೆ.

ಇನ್ನೂ ಗಂಭೀರವಾದರೆ ದವಡೆಯನ್ನೇ ಉದ್ದ ಮಾಡುತ್ತಾರೆ. ರಷ್ಯಾದ ವೈದ್ಯ ಇಲಿಜರೊವ್ ಕಾಲಿನ ಮೂಳೆ ಉದ್ದ ಮಾಡಲು ಕಂಡುಕೊಂಡ ತತ್ವವೇ ಇದು. ದವಡೆಯ ಎರಡೂ ಬದಿ ಮೂಳೆ ಕತ್ತರಿಸಿ ಸ್ಕ್ರೂ ಇರುವ ಸಣ್ಣ ಸಾಧನ ಜೋಡಿಸುತ್ತಾರೆ. ದಿನಕ್ಕೆ 1ರಿಂದ 2 ಮಿ.ಮೀ. ತಿರುಗಿಸುತ್ತ ಹೋದರೆ ನಡುವಿನ ಸಂದಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ದವಡೆಯ ಜೊತೆ ನಾಲಿಗೆಯೂ ಮುಂದೆ ಬರುತ್ತದೆ. ಮೂಳೆ ಬೆಳೆಯುವ ವೇಗಕ್ಕೆ ತಕ್ಕಂತೆ ಕಾಯುವ ಈ ತಾಳ್ಮೆ ನನಗೆ ತುಂಬ ಇಷ್ಟವಾಗುವ ವಿಷಯ.

ಈ ಮಕ್ಕಳಿಗೆ ಹಾಲು ಕುಡಿಸುವುದೇ ದೊಡ್ಡ ಸವಾಲು. ಅಂಗುಳ ಸೀಳಿದ್ದರೆ ಚೀಪಲು ಬೇಕಾದ ಹಿಡಿತ ಬಾಯಲ್ಲಿ ಬರುವುದಿಲ್ಲ. ಉಸಿರಿಗೆ ಒದ್ದಾಡುವ ಮಗುವಿಗೆ ಒಳಲೆಯಲ್ಲಿ ಹಾಲು ಹುಯ್ಯಲು ಹೋದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯ. ಅದಕ್ಕೇ ನುಂಗುವುದನ್ನು ಕಲಿಸುವ ಥೆರಪಿಸ್ಟ್ ತಂಡದಲ್ಲಿರಬೇಕು. ಎಷ್ಟು ಹಾಲು ಬಾಯಿಂದ, ಎಷ್ಟು ಮೂಗಿನ ನಳಿಕೆಯಿಂದ, ಮಗುವನ್ನು ಹೇಗೆ ಹಿಡಿಯಬೇಕು ಎನ್ನುವುದನ್ನು ಅವರು ತಾಯಿಗೆ ಕೂತು ತೋರಿಸಿಕೊಡುತ್ತಾರೆ.

ಕಾಪಾಡಿದ ನಳಿಕೆಯೇ ಗಾಯ ಮಾಡಿದರೆ

1965ರಲ್ಲಿ ಮೆಲ್ಬರ್ನ್‌ನ ವೈದ್ಯರಾದ ಮೆಕ್‌ಡೊನಾಲ್ಡ್ ಮತ್ತು ಸ್ಟಾಕ್ಸ್, ಮಕ್ಕಳ ಮೂಗಿನ ಮೂಲಕ ಶ್ವಾಸನಾಳಕ್ಕೆ ಪ್ಲಾಸ್ಟಿಕ್ ನಳಿಕೆ ಹಾಕಿ ಬಹಳ ದಿನ ಉಸಿರಾಟ ನಡೆಸಬಹುದು ಎಂದು ತೋರಿಸಿಕೊಟ್ಟರು. ಅದಕ್ಕೂ ಮೊದಲು ಬಹಳ ದಿನ ಉಸಿರಾಟಕ್ಕೆ ಆಸರೆ ಬೇಕಾದರೆ ಕುತ್ತಿಗೆಯಲ್ಲಿ ತೂತು ಮಾಡುವುದೇ ದಾರಿಯಾಗಿತ್ತು. ತಿಂಗಳು ತುಂಬದೆ ಹುಟ್ಟಿದ ಎಷ್ಟೋ ಮಕ್ಕಳು ಈ ನಳಿಕೆಯಿಂದ ಬದುಕಿದರು.

ಬದುಕಿದ ಮಕ್ಕಳಲ್ಲಿ ಹೊಸ ಸಮಸ್ಯೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯ ಕೆಳಗೆ ಕ್ರೈಕಾಯ್ಡ್ ಎಂಬ ಮೆದುಮೂಳೆಯ ಉಂಗುರವಿದೆ. ಶ್ವಾಸನಾಳದ ಉಳಿದ ಉಂಗುರಗಳು ಹಿಂದೆ ತೆರೆದಿರುತ್ತವೆ, ಸ್ವಲ್ಪ ಹಿಗ್ಗುತ್ತವೆ. ಇದು ಮಾತ್ರ ಬಳೆಯ ಹಾಗೆ ಪೂರ್ತಿ ಸುತ್ತು. ಅಲ್ಲಿ ನಳಿಕೆ ವಾರಗಟ್ಟಲೆ ಒತ್ತಿದರೆ ಒಳಪದರಕ್ಕೆ ರಕ್ತ ಹರಿಯುವುದಿಲ್ಲ, ಹುಣ್ಣಾಗುತ್ತದೆ. ಹುಣ್ಣು ಮಾಯುವಾಗ ಕಲೆ ಕಟ್ಟಿ ದಾರಿ ಕಿರಿದಾಗುತ್ತದೆ. ನಳಿಕೆ ತೆಗೆದರೆ ಮಗು ಉಸಿರಾಡಲಾಗದೆ ಒದ್ದಾಡುತ್ತದೆ, ಮತ್ತೆ ಹಾಕಬೇಕು. ಹಾಕಿದಷ್ಟೂ ಗಾಯ.

ಅಮೆರಿಕದ ಸಿನ್ಸಿನಾಟಿಯ ವೈದ್ಯ ರಾಬಿನ್ ಕಾಟನ್ ಈ ಸುಳಿಯಿಂದ ಹೊರಬರಲು ಒಂದು ದಾರಿ ತೋರಿಸಿದರು. 1980ರಲ್ಲಿ ಅವರು ಮತ್ತು ಸೈಡ್ ಎಂಬ ವೈದ್ಯರು ಆ ಬಳೆಯನ್ನು ಮುಂದುಗಡೆ ಸೀಳಿ ಅದಕ್ಕೆ ಹಿಗ್ಗಲು ಜಾಗ ಮಾಡಿಕೊಡುವ ಆಪರೇಷನ್ ಬಗ್ಗೆ ಬರೆದರು. ಸೀಳಿದ ಬಳೆ ಅಗಲವಾಗಿ ಮಾಯುವವರೆಗೆ ಕೆಲವು ದಿನ ನಳಿಕೆ ಒಳಗೇ ಇರುತ್ತದೆ. ಆಮೇಲೆ ಎಷ್ಟೋ ಮಕ್ಕಳಿಗೆ ಕುತ್ತಿಗೆಯ ತೂತು ಬೇಕಾಗಲಿಲ್ಲ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಪಕ್ಕೆಲುಬಿನ ಮೆದುಮೂಳೆಯ ತುಂಡು ತೆಗೆದು ಆ ಸೀಳಿನಲ್ಲಿ ಕೂರಿಸುತ್ತಾರೆ. ಕಿರಿದಾಗಿರುವುದು ಎಷ್ಟು ಎಂದು ಅಳೆಯಲು ಮೈಯರ್-ಕಾಟನ್ ಶ್ರೇಣಿ 1994ರಿಂದ ಬಳಕೆಯಲ್ಲಿದೆ. ಅರ್ಧದವರೆಗೆ ಮುಚ್ಚಿದ್ದರೆ ಒಂದನೇ ಶ್ರೇಣಿ, ಪೂರ್ತಿ ಮುಚ್ಚಿದ್ದರೆ ನಾಲ್ಕನೆಯದು. ಈಚೆಗೆ ಶುರುವಿನ ಹಂತದಲ್ಲೇ ಸಣ್ಣ ಬಲೂನು ಹಿಗ್ಗಿಸಿ ದಾರಿ ಅಗಲ ಮಾಡುವುದೂ ಇದೆ.

ಗಾಯ ಆಗದ ಹಾಗೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು, ಅದು ಎನ್‌ಐಸಿಯುವಿನ ದಿನನಿತ್ಯದ ಶಿಸ್ತು. ಒಂದು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 2.5 ಮಿ.ಮೀ. ನಳಿಕೆ, ಎರಡು ಕಿಲೋವರೆಗೆ 3, ಆಮೇಲೆ 3.5. ಬಿಗಿಯಾದ ದೊಡ್ಡ ನಳಿಕೆ ತುರುಕಬಾರದು. ಅಲ್ಲಾಡದ ಹಾಗೆ ಅಂಟಿಸಬೇಕು. ಸಾಧ್ಯವಾದ ಮೊದಲ ದಿನವೇ ತೆಗೆದು ಮೂಗಿನಿಂದ ಒತ್ತಡದ ಗಾಳಿ ಕೊಡುವ ಸಿಪ್ಯಾಪ್‌ಗೆ ಬದಲಾಯಿಸಬೇಕು.

ಹೊಕ್ಕುಳಬಳ್ಳಿ ಕತ್ತರಿಸುವ ಮೊದಲೇ

ಕೆಲವು ತೊಂದರೆಗಳು ಹೊಟ್ಟೆಯಲ್ಲಿರುವಾಗಲೇ ಕಾಣುತ್ತವೆ. ಐದನೇ ತಿಂಗಳ ಸುಮಾರಿಗೆ ಮಾಡುವ ಅನಾಮಲಿ ಸ್ಕ್ಯಾನಿನಲ್ಲಿ ಅಥವಾ ಆಮೇಲಿನ ಸ್ಕ್ಯಾನಿನಲ್ಲಿ ಕುತ್ತಿಗೆಯ ದೊಡ್ಡ ಗಡ್ಡೆ, ಚಿಕ್ಕ ದವಡೆ ಗೊತ್ತಾಗಬಹುದು. ಗರ್ಭದಲ್ಲಿ ನೀರು ಜಾಸ್ತಿಯಾಗಿದೆ ಎಂದರೆ ಮಗು ನೀರು ನುಂಗುತ್ತಿಲ್ಲವೇನೋ ಎಂಬ ಸುಳಿವು. ಇನ್ನೊಂದು ಅಪರೂಪದ ಸ್ಥಿತಿಯಲ್ಲಿ ಧ್ವನಿಪೆಟ್ಟಿಗೆಯ ಹತ್ತಿರ ದಾರಿ ಪೂರ್ತಿ ಮುಚ್ಚಿರುತ್ತದೆ. ಶ್ವಾಸಕೋಶದಲ್ಲಿ ಉತ್ಪತ್ತಿಯಾಗುವ ದ್ರವ ಹೊರಬರಲಾಗದೆ ಶ್ವಾಸಕೋಶಗಳು ಉಬ್ಬಿ, ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೆಯುತ್ತವೆ.

ಇಂಥ ಮಗು ಹೊಟ್ಟೆಯಲ್ಲಿ ಆರಾಮಾಗಿರುತ್ತದೆ, ಯಾಕೆಂದರೆ ಅಲ್ಲಿ ಉಸಿರಾಡುವ ಕೆಲಸ ಮಾಸುವಿನದು. ತೊಂದರೆ ಶುರುವಾಗುವುದು ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಲ್ಲಿ. ಹಾಗಾದರೆ ಕತ್ತರಿಸದೇ ಇದ್ದರೆ?

ಈ ಪ್ರಶ್ನೆಗೆ ಉತ್ತರವೇ 'ಎಕ್ಸಿಟ್' ಎಂಬ ವಿಧಾನ. 1990ರ ದಶಕದಲ್ಲಿ ಬೇರೊಂದು ಕಾಯಿಲೆಗಾಗಿ ಇದನ್ನು ರೂಪಿಸಿದರು. ತಾಯಿಗೆ ಆಳವಾದ ಅರಿವಳಿಕೆ ಕೊಟ್ಟು ಗರ್ಭಕೋಶ ಬಿಗಿಯಾಗದಂತೆ ಸಡಿಲಗೊಳಿಸುತ್ತಾರೆ. ಸಿಸೇರಿಯನ್‌ನಂತೆ ತೆರೆದು ಮಗುವಿನ ತಲೆ, ಭುಜ ಮಾತ್ರ ಹೊರಗೆ ತರುತ್ತಾರೆ. ಉಳಿದ ಮೈ ಒಳಗೇ. ಮಾಸು ಇನ್ನೂ ಅಂಟಿಕೊಂಡಿದೆ, ತಾಯಿಯ ರಕ್ತದಿಂದ ಮಗುವಿಗೆ ಆಮ್ಲಜನಕ ಬರುತ್ತಿದೆ. ಆಗ ಇನ್ನೊಂದು ತಂಡ ಮಗುವಿನ ಬಾಯಲ್ಲಿ ದುರ್ಬೀನು ಹಾಕಿ ನಳಿಕೆ ಇಳಿಸಲು ನೋಡುತ್ತದೆ. ಆಗದಿದ್ದರೆ ಅಲ್ಲೇ ಕುತ್ತಿಗೆಯಲ್ಲಿ ದಾರಿ ಮಾಡುತ್ತಾರೆ. ಗಾಳಿ ಹೋಗುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಬಳ್ಳಿ ಕತ್ತರಿಸುವುದು. ಹೀಗೆ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆಯವರೆಗೂ ಸಮಯ ಸಿಗುತ್ತದೆ. ಮಾಮೂಲಿ ಹೆರಿಗೆಯಲ್ಲಿ ಸಿಗುವುದು ಕೆಲವೇ ನಿಮಿಷ.

ತಾಯಿಗೆ ಇದರಲ್ಲಿ ಅಪಾಯವಿದೆ ಎನ್ನುವುದನ್ನು ಮುಚ್ಚಿಡಬಾರದು. ಗರ್ಭಕೋಶ ಸಡಿಲವಾಗಿದ್ದಾಗ ರಕ್ತಸ್ರಾವ ಜಾಸ್ತಿಯಾಗಬಹುದು. ಒಂದೇ ಕೋಣೆಯಲ್ಲಿ ಎರಡು ಜೀವ, ಎರಡು ತಂಡ, ಇಬ್ಬರು ಅರಿವಳಿಕೆ ತಜ್ಞರು. ಯಾರು ಎಲ್ಲಿ ನಿಲ್ಲಬೇಕು ಎನ್ನುವುದನ್ನೂ ಹಿಂದಿನ ದಿನವೇ ಅಭ್ಯಾಸ ಮಾಡಿಕೊಳ್ಳುತ್ತಾರೆ.

ಒಂದೇ ಸೂರಿನಡಿ ಏನೇನು ಬೇಕು

ಹಸುಗೂಸಿನ ಶ್ವಾಸನಾಳದೊಳಗೆ ನೋಡುವ ಕೆಲಸದಲ್ಲಿ ಒಂದು ವಿಚಿತ್ರ ಇಕ್ಕಟ್ಟಿದೆ. ಅರಿವಳಿಕೆ ತಜ್ಞರಿಗೆ ಗಾಳಿ ಕೊಡಲು ದಾರಿ ಬೇಕು, ಶಸ್ತ್ರವೈದ್ಯರಿಗೆ ನೋಡಲು ಅದೇ ದಾರಿ ಬೇಕು. ಇರುವುದು 4 ಮಿ.ಮೀ. ಹಾಗಾಗಿ ಮಗು ತಾನೇ ಉಸಿರಾಡುತ್ತಿರುವಷ್ಟು ಮಾತ್ರ ನಿದ್ದೆ ಬರಿಸಿ, ಇಬ್ಬರೂ ಪರಸ್ಪರ ಮಾತಾಡಿಕೊಳ್ಳುತ್ತ ಕೆಲಸ ಮಾಡುತ್ತಾರೆ. ವರ್ಷಗಟ್ಟಲೆ ಜೊತೆಗೆ ದುಡಿದವರಿಗೆ ಮಾತ್ರ ಬರುವ ಹೊಂದಾಣಿಕೆ ಇದು.

ಒಳ್ಳೆಯ ವೆಂಟಿಲೇಟರ್ ಇದ್ದ ಮಾತ್ರಕ್ಕೆ ಆಸ್ಪತ್ರೆ ಇಂಥ ಮಗುವಿಗೆ ತಯಾರಾಗಿದೆ ಎಂದಲ್ಲ. ರೆಫರ್ ಮಾಡುವಾಗ ಮನೆಯವರು ಧೈರ್ಯವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ಮಕ್ಕಳ ಇಎನ್‌ಟಿ ಅಥವಾ ಮಕ್ಕಳ ಶಸ್ತ್ರವೈದ್ಯರು ಅಲ್ಲಿದ್ದಾರಾ? ಶ್ವಾಸನಾಳದೊಳಗೆ ನೋಡುವ ದುರ್ಬೀನು, ಅಂದರೆ ಬ್ರಾಂಕೋಸ್ಕೋಪ್, ಹಸುಗೂಸಿನ ಅಳತೆಯದು ಇದೆಯಾ? ಎಳೆ ಮಕ್ಕಳಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವವರು ರಾತ್ರಿಯೂ ಸಿಗುತ್ತಾರಾ? ಮೊದಲೇ ಫೋನ್ ಮಾಡಿ ಬೆಡ್ ಖಾತ್ರಿ ಮಾಡಿಕೊಂಡೇ ಹೊರಡಬೇಕು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಪ್ರತಿ ಗಂಟೆಯೂ ಮಗುವಿನ ಲೆಕ್ಕದಿಂದ ಕಳೆಯುತ್ತದೆ. ಸ್ಕ್ಯಾನಿನಲ್ಲಿ ಮೊದಲೇ ಗೊತ್ತಾಗಿದ್ದರೆ ಹೆರಿಗೆಯನ್ನೇ ಅಂಥ ದೊಡ್ಡ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ತಾಯಿಯ ಹೊಟ್ಟೆಯಷ್ಟು ಬೆಚ್ಚಗಿನ, ಸುರಕ್ಷಿತ ಆಂಬುಲೆನ್ಸ್ ಇನ್ನೊಂದಿಲ್ಲ.

ನಮ್ಮ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಗಾಬರಿಯಲ್ಲಿ ಹೊರಡುವಾಗ ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮರೆಯದೆ ಇಟ್ಟುಕೊಳ್ಳಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಿದ್ದರೂ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವನ್ನು ನೋಡುತ್ತಾರೆ. ಉಸಿರಿನ ಸದ್ದಿನ ಬಗ್ಗೆ, ಹಾಲು ಕುಡಿಯುವ ಬಗ್ಗೆ ಅನುಮಾನವಿದ್ದರೆ ಆಗಲೇ ಹೇಳಿ.

ಬಾಣಂತನದ ಮನೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದು, ಮೂಗಿಗೆ ಎಣ್ಣೆ ಬಿಡುವುದು, ಬಾಯಲ್ಲಿ ಬೆರಳು ಹಾಕಿ ಕಫ ತೆಗೆಯುವುದು. ಇದನ್ನೆಲ್ಲ ಮಾಡುವ ಅಜ್ಜಿಯರ ಪ್ರೀತಿಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ 4 ಮಿ.ಮೀ. ದಾರಿಗೆ ಹೊಗೆ ತಾಗಿದರೆ ಊದಿಕೊಳ್ಳುತ್ತದೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಯಾವ ಮಗುವಿಗೂ ಇದು ಬೇಡ. ಉಸಿರಿನ ತೊಂದರೆ ಇರುವ ಮಗುವಿಗಂತೂ ಖಂಡಿತ ಬೇಡ.

ಕುತ್ತಿಗೆಯಲ್ಲಿ ಒಂದು ಬಾಗಿಲು

ಬೇರೆ ಯಾವ ದಾರಿಯೂ ಇಲ್ಲದಾಗ ಟ್ರೇಕಿಯಾಸ್ಟಮಿ. ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ನೇರ ದಾರಿ ಮಾಡಿ ಸಣ್ಣ ನಳಿಕೆ ಇಡುವುದು. ಈ ಮಾತು ಕೇಳಿದ ಕೂಡಲೇ ಅಪ್ಪ ಅಮ್ಮಂದಿರ ಮುಖ ಬಾಡುತ್ತದೆ. 'ಗಂಟಲಿಗೆ ತೂತು ಹಾಕ್ತಾರಂತೆ' ಎಂದು ಊರಲ್ಲಿ ಸುದ್ದಿಯಾಗುತ್ತದೆ. ಇದು ಸೋಲಿನ ಗುರುತು ಎಂದು ಜನ ತಿಳಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎದೆ ಸೆಳೆಯುತ್ತ, ಹಾಲು ಬಿಡುತ್ತ ಸೊರಗಿದ್ದ ಮಗು ಇದಾದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ, ತೂಕ ಏರುತ್ತದೆ. ಒಳಗಿನ ದಾರಿ ಬೆಳೆಯಲು ಕಾಲ ಸಿಗುತ್ತದೆ.

ಆದರೆ ಕೆಲಸ ದೊಡ್ಡದು. ಮೊದಲ ಬಾರಿ ನಳಿಕೆ ಬದಲಿಸುವುದು ಸಾಮಾನ್ಯವಾಗಿ ಐದರಿಂದ ಏಳು ದಿನಕ್ಕೆ, ಆಸ್ಪತ್ರೆಯಲ್ಲೇ. ಆಮೇಲೆ ಮನೆಯವರ ಪಾಠ ಶುರು. ಕನಿಷ್ಠ ಇಬ್ಬರು ಕಲಿಯಬೇಕು, ಒಬ್ಬರು ಮಲಗಿದಾಗ ಇನ್ನೊಬ್ಬರು ಎಚ್ಚರವಿರಬೇಕು. ಕಫ ಎಳೆಯುವ ಸಕ್ಷನ್ ನಳಿಕೆಯನ್ನು ಎಷ್ಟು ಆಳಕ್ಕೆ ಬಿಡಬೇಕು, ಎಷ್ಟು ಸೆಕೆಂಡಿನಲ್ಲಿ ತೆಗೆಯಬೇಕು. ಕತ್ತಿನ ಪಟ್ಟಿಗೂ ಚರ್ಮಕ್ಕೂ ನಡುವೆ ಒಂದು ಬೆರಳು ಹೋಗುವಷ್ಟು ಸಡಿಲ. ಸ್ನಾನದಲ್ಲಿ ನೀರು ಒಳಗೆ ಹೋಗದ ಹಾಗೆ ಹೇಗೆ ಹಿಡಿಯಬೇಕು. ನಳಿಕೆ ಕಫದಿಂದ ಕಟ್ಟಿದರೆ ಕಾಯದೆ ಬದಲಿಸುವುದು. ಮಗು ಎಲ್ಲಿಗೆ ಹೋದರೂ ಒಂದು ಚೀಲ ಜೊತೆಗಿರಬೇಕು: ಅದೇ ಅಳತೆಯ ಒಂದು ನಳಿಕೆ, ಒಂದು ಅಳತೆ ಚಿಕ್ಕದಾದ ಇನ್ನೊಂದು, ಕತ್ತರಿ, ಪಟ್ಟಿ, ಸಕ್ಷನ್ ಸಾಮಾನು. ಅವಸರದಲ್ಲಿ ಮೊದಲಿನ ಅಳತೆ ಒಳಗೆ ಹೋಗದಿದ್ದರೆ ಚಿಕ್ಕದು ಹೋಗುತ್ತದೆ. ಕರೆಂಟ್ ಹೋಗುವ ಊರಾದರೆ ಕಾಲಿನಿಂದ ಒತ್ತುವ ಸಕ್ಷನ್ ಪಂಪೂ ಮನೆಯಲ್ಲಿರಲಿ.

ಅಮ್ಮಂದಿರಿಗೆ ತುಂಬ ನೋವು ಕೊಡುವುದು ಅಳು ಕೇಳಿಸದಿರುವುದು. ಗಾಳಿ ಧ್ವನಿತಂತುಗಳನ್ನು ಮುಟ್ಟದೆ ಕೆಳಗಿನಿಂದಲೇ ಹೊರಗೆ ಹೋಗುವುದರಿಂದ ಮಗು ಅತ್ತರೂ ಸದ್ದು ಬರುವುದಿಲ್ಲ, ಅಥವಾ ತೀರಾ ಕಡಿಮೆ. ರಾತ್ರಿ ಎಚ್ಚರವಾಗಲು ಸದ್ದನ್ನು ನಂಬುವಂತಿಲ್ಲ. ಹಾಗಾಗಿ ಬೆರಳಿಗೋ ಕಾಲಿಗೋ ಕಟ್ಟುವ ಆಕ್ಸಿಮೀಟರಿನ ಅಲಾರಾಂ ಮನೆಯಲ್ಲೂ ಬೇಕಾಗುತ್ತದೆ. ಮೇಲಿನ ದಾರಿ ಸ್ವಲ್ಪ ತೆರೆದಿರುವ ಮಕ್ಕಳಿಗೆ ನಳಿಕೆಯ ಬಾಯಿಗೆ ಮಾತಿನ ಕವಾಟ ಜೋಡಿಸಬಹುದು. ಉಸಿರು ನಳಿಕೆಯಿಂದ ಒಳಗೆ ಬಂದು, ಧ್ವನಿತಂತುಗಳ ನಡುವಿನಿಂದ ಹೊರಗೆ ಹೋಗುತ್ತದೆ. ತೊದಲು ಕಲಿಯುವ ವಯಸ್ಸಿನಲ್ಲಿ ಇದು ಬಹಳ ಮುಖ್ಯ.

ನಳಿಕೆ ತೆಗೆಯುವ ದಿನವೂ ಬರುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ, ಹಲವರಿಗೆ ಒಂದೆರಡು ವರ್ಷದ ಮೇಲೆ. ಮೊದಲು ಬ್ರಾಂಕೋಸ್ಕೋಪಿನಲ್ಲಿ ನೋಡಿ ದಾರಿ ಸಾಕಷ್ಟು ಅಗಲವಾಗಿದೆ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಆಮೇಲೆ ನಳಿಕೆಯ ಅಳತೆ ಚಿಕ್ಕದು ಮಾಡುತ್ತಾರೆ, ಬಾಯಿಗೆ ಮುಚ್ಚಳ ಹಾಕಿ ಹಗಲು ನೋಡುತ್ತಾರೆ, ನಿದ್ದೆಯಲ್ಲಿ ನೋಡುತ್ತಾರೆ. ಎಲ್ಲ ಸರಿ ಇದ್ದರೆ ವಾರ್ಡಿನಲ್ಲೇ ನಳಿಕೆ ತೆಗೆದು ತೂತಿನ ಮೇಲೆ ಗಾಜ್ ಪಟ್ಟಿ ಅಂಟಿಸುತ್ತಾರೆ. ಹಲವರಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಲವರಿಗೆ ಮುಂದೆ ಒಂದೆರಡು ಹೊಲಿಗೆ ಬೇಕಾಗಬಹುದು. ಒಂದೆರಡು ರಾತ್ರಿ ಮಾನಿಟರ್ ಹಾಕಿ ಕಾಯುತ್ತಾರೆ. ಅಂಟು ಪಟ್ಟಿ ಎಳೆಯುವಾಗ ಮಗುವಿಗೆ ಸಿಟ್ಟು ಬಂದು ಅಳುತ್ತದೆ, ಗಂಟಲು ಬಿಟ್ಟು. ಆ ಅಳುವನ್ನು ಸುಮ್ಮನಾಗಿಸಲು ಯಾರಿಗೂ ಅವಸರ ಇರುವುದಿಲ್ಲ.